ಬೈಟ್‌ಗಳನ್ನು ಎಲ್ಲಿ ತಿರುಗಿಸಬೇಕು: ಎಮ್ಯುಲೇಟರ್ ಬರೆದ ನನ್ನ ಅನುಭವ

ಸೆಗಾ ಮೆಗಾ ಡ್ರೈವ್ ಎಂಬ ಹಳೆಯ ಗೇಮ್ ಕನ್ಸೋಲ್‌ಗೆ ಎಮ್ಯುಲೇಟರ್ (ಅದರ ಹಾಗೇ ನಡೆದುಕೊಳ್ಳುವ ಪ್ರೋಗ್ರಾಂ) ಬರೆಯಲು ಕೂತಾಗ ನನ್ನನ್ನು ಜಾಸ್ತಿ ಕಾಡಿದ್ದು ಬೈಟ್‌ಗಳ ಕ್ರಮ. ಅದರ ಮುಖ್ಯ ಪ್ರೊಸೆಸರ್ ಮೊಟೊರೋಲಾ 68000, ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು. ಸೌಂಡ್ ನೋಡಿಕೊಳ್ಳುವ ಇನ್ನೊಂದು ಪ್ರೊಸೆಸರ್ ಝಡ್80 ಲಿಟಲ್ ಎಂಡಿಯನ್, ಚಿಕ್ಕ ಬೆಲೆಯ ಬೈಟ್ ಮೊದಲು. ನನ್ನ ಲ್ಯಾಪ್‌ಟಾಪೂ ಲಿಟಲ್ ಎಂಡಿಯನ್ನೇ.

ರಿಸೆಟ್ ಆದ ಕೂಡಲೇ 68000 ಗೇಮ್ ಫೈಲಿನ ಮೊದಲ 4 ಬೈಟ್ ಓದಿ ಸ್ಟ್ಯಾಕ್ ಪಾಯಿಂಟರ್ ತುಂಬಿಕೊಳ್ಳುತ್ತದೆ. ಮುಂದಿನ 4 ಬೈಟ್ ಪ್ರೋಗ್ರಾಂ ಕೌಂಟರ್‌ಗೆ, ಅಂದರೆ ಕೋಡ್ ಎಲ್ಲಿಂದ ಓಡಬೇಕು ಅನ್ನುವ ವಿಳಾಸಕ್ಕೆ. ನನ್ನ ಫೈಲಿನಲ್ಲಿ ಅಲ್ಲಿ ಇದ್ದದ್ದು 00 00 02 00. ಅಂದರೆ ಹೆಕ್ಸ್ 200, ನಮ್ಮ ಲೆಕ್ಕದಲ್ಲಿ 512. ನಾನು ಪಾಯಿಂಟರ್ ಕಾಸ್ಟ್ ಮಾಡಿ, ಅಂದರೆ ಲ್ಯಾಪ್‌ಟಾಪಿನ ಬೈಟ್ ಕ್ರಮದಲ್ಲೇ, ಸುಮ್ನೆ ಓದಿದ್ದೆ. ಸಿಕ್ಕಿದ್ದು ಹೆಕ್ಸ್ 20000, ಅಂದರೆ 1,31,072. ಆ ವಿಳಾಸವೂ ಫೈಲಿನ ಒಳಗೇ ಇತ್ತು, ಅದೇ ತೊಂದರೆ. ಕ್ರ್ಯಾಶ್ ಆಗಲಿಲ್ಲ, ಏನೇನೋ ಡೇಟಾವನ್ನು ಇನ್‌ಸ್ಟ್ರಕ್ಷನ್ ಅಂತ ಓಡಿಸುತ್ತಾ ಹೋಯಿತು. ಇನ್‌ಸ್ಟ್ರಕ್ಷನ್ ಬಿಡಿಸುವ ಡಿಕೋಡರ್‌ನಲ್ಲಿ ತಪ್ಪು ಹುಡುಕುತ್ತಾ ಎರಡು ಸಂಜೆ ಕಳೆದೆ.

ಆಮೇಲೆ ಫೈಲ್ ಲೋಡ್ ಮಾಡುವಾಗಲೇ ಎರಡೆರಡು ಬೈಟ್‌ಗಳನ್ನು ಅದಲುಬದಲು ಮಾಡಿ ಇಟ್ಟೆ. ಇದು ಹಳೆಯ ಉಪಾಯ. 16 ಬಿಟ್ ನೇರವಾಗಿ ಓದಬಹುದು. ಒಂದೇ ಬೈಟ್ ಬೇಕಾದರೆ ವಿಳಾಸವನ್ನು 1ರ ಜೊತೆ ಎಕ್ಸ್‌ಓಆರ್ ಮಾಡಬೇಕು, ಅಂದರೆ ಜೋಡಿಯ ಇನ್ನೊಂದು ಬೈಟಿನ ವಿಳಾಸ ತೆಗೆದುಕೊಳ್ಳಬೇಕು. ಗೇಮ್ ಶುರುವಾಯಿತು, ಚಿತ್ರವೂ ಬಂತು. ಆದರೆ ಡ್ರಮ್ ಸದ್ದು ಕರಕರ ಅನ್ನುತ್ತಿತ್ತು. ಝಡ್80 ತನ್ನ 32 ಕೆಬಿ ವಿಂಡೋ ಮೂಲಕ ಅದೇ ಫೈಲಿನಿಂದ ಸ್ಯಾಂಪಲ್‌ಗಳನ್ನು ಒಂದೊಂದೇ ಬೈಟ್ ಓದುತ್ತದೆ. ಆ ದಾರಿಯಲ್ಲಿ ಎಕ್ಸ್‌ಓಆರ್ ಹಾಕುವುದು ಮರೆತಿದ್ದೆ. 1 2 3 4 ಬರಬೇಕಾದ ಕಡೆ 2 1 4 3 ಬರುತ್ತಿತ್ತು.

ಒಂದು ಸಾಲು ಸೇರಿಸಿದ್ದರೆ ಸದ್ದು ಸರಿಹೋಗುತ್ತಿತ್ತು. ಆದರೆ ಮೆಮೊರಿ ಮುಟ್ಟುವ ಪ್ರತಿ ಜಾಗದಲ್ಲೂ ಇದನ್ನು ನೆನಪಿಟ್ಟುಕೊಳ್ಳಬೇಕು ಅಂದರೆ ಕಷ್ಟ ಅಲ್ವಾ? ಹಾಗಾಗಿ ಉಪಾಯವನ್ನೇ ಕಿತ್ತುಹಾಕಿದೆ. ಈಗ ಬೈಟ್‌ಗಳು ಫೈಲಿನಲ್ಲಿ ಇದ್ದ ಹಾಗೇ ಇರುತ್ತವೆ. 68000ಕ್ಕೆ ಅದರದ್ದೇ ಓದುವ, ಬರೆಯುವ ಫಂಕ್ಷನ್‌ಗಳು, ಝಡ್80ಗೆ ಬೇರೆ. ಅವು ಒಂದೊಂದೇ ಬೈಟ್ ತೆಗೆದು, ಶಿಫ್ಟ್ ಮಾಡಿ (ಅದರ ಸ್ಥಾನಕ್ಕೆ ಸರಿಸಿ) ಜೋಡಿಸುತ್ತವೆ. ರಿಜಿಸ್ಟರ್‌ಗೆ ಬಂದ ಮೇಲೆ ಅದು ಬರೀ ಸಂಖ್ಯೆ. ನಿಧಾನ ಆಗುತ್ತದೇನೋ ಅನ್ನುವ ಭಯವಿತ್ತು. ಅಸೆಂಬ್ಲಿ ತೆಗೆದು ನೋಡಿದೆ. ಜಿಸಿಸಿ ಕಂಪೈಲರ್ ಆ ಶಿಫ್ಟ್‌ಗಳನ್ನೆಲ್ಲ ಗುರುತಿಸಿ ಒಂದು ಲೋಡ್, ಒಂದು ಬೈಟ್ ಸ್ವಾಪ್ ಅಷ್ಟೇ ಇಟ್ಟಿತ್ತು. ತುಂಬಾ ಖುಷಿಯಾಯಿತು.

ಕೊನೆಗೆ ಕೋಡನ್ನು ಐಬಿಎಂ ಮೇನ್‌ಫ್ರೇಮ್‌ಗಳ ಎಸ್390ಎಕ್ಸ್‌ಗೆ ಕಂಪೈಲ್ ಮಾಡಿ ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಓಡಿಸಿದೆ. ಎಸ್390ಎಕ್ಸ್ ಬಿಗ್ ಎಂಡಿಯನ್. ಒಂದೇ ಟೆಸ್ಟ್ ಬಿದ್ದುಹೋಯಿತು: ಆಟ ಸೇವ್ ಮಾಡುವಾಗ ಸ್ಟ್ರಕ್ಟನ್ನು (ಮೆಮೊರಿಯಲ್ಲಿ ಒಟ್ಟಿಗೆ ಇಟ್ಟ ಡೇಟಾದ ಕಟ್ಟನ್ನು) ಇಡಿಯಾಗಿ ಫೈಲಿಗೆ ಬರೆದಿದ್ದೆ. ಅಲ್ಲೂ ಶಿಫ್ಟ್ ಮಾಡಿ ಒಂದೊಂದೇ ಬೈಟ್ ಬರೆದೆ. ಲ್ಯಾಪ್‌ಟಾಪಿನಲ್ಲಿ ನಿಲ್ಲಿಸಿದ ಆಟ ಅಲ್ಲಿ ಅದೇ ಫ್ರೇಮಿನಿಂದ ಮುಂದುವರಿಯಿತು.