ಒಂದೇ ಹಾಲ್, ಒಂದೇ ಟಿವಿ, ಮೂರು ತಲೆಮಾರು

ಮುಂಬೈ ಹೊರವಲಯದ ಡೊಂಬಿವಲಿಯ ಒನ್ ಬಿಎಚ್‌ಕೆ ಫ್ಲಾಟಿನಲ್ಲಿ "ಮಕ್ಕಳೇ, ಒಳಗೆ ಹೋಗಿ ಆಡಿಕೊಳ್ಳಿ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಒಳಗೆ ಎಂದರೆ ಒಂದೋ ಅಡುಗೆಮನೆ, ಇಲ್ಲವೇ ಬೆಳಗಿನ ಡ್ಯೂಟಿಯವರು ಒಂಬತ್ತಕ್ಕೇ ದೀಪ ಆರಿಸಿ ಮಲಗುವ ಕೋಣೆ. ಟಿವಿ ಇರುವುದು ಹಾಲ್‌ನಲ್ಲಿ. ಊಟ, ಹೋಮ್‌ವರ್ಕ್, ಅಮ್ಮನ ಜಪ, ಬಂದ ನೆಂಟರು, ಎಲ್ಲವೂ ಅಲ್ಲೇ. ಹಾಗಾಗಿ ಮಕ್ಕಳಿಗೆ ಏನು ತೋರಿಸಬೇಕು ಅಂತ ಯೋಚಿಸಲು ಕೂತರೆ ಅದು ಮನೆಮಂದಿಯೆಲ್ಲ ಏನು ನೋಡಬೇಕು ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಮಗಳಿಗೆ 11, ಮಗನಿಗೆ 6, ಕುಂದಾಪುರದಿಂದ ಬಂದು ನಮ್ಮ ಜೊತೆ ಇರುವ ಅಮ್ಮನಿಗೆ ಎಪ್ಪತ್ತು ದಾಟಿದೆ. ಹೆಂಡತಿ ನರ್ಸ್, ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ನನ್ನದು ಐರೋಳಿಯಲ್ಲಿ ಮೊದಲ ಪಾಳಿ. ಸಂಜೆ ನಾಲ್ಕರಿಂದ ರಿಮೋಟಿನ ಯಜಮಾನಿಕೆ ನನ್ನದೇ, ಅದಕ್ಕೆ ಅಂಟಿಕೊಂಡ ಜಗಳಗಳದ್ದೂ.

ಮೊದಲು ಕೈ ಹಾಕಿದ್ದು ಚಾನೆಲ್ ಪಟ್ಟಿಗೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರ ವ್ಯವಸ್ಥೆ ತಂದ ಮೇಲೆ ಬೇಕಾದ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳಬಹುದು. ಆದರೂ ಬಹಳ ಮನೆಗಳಲ್ಲಿ ಡೀಲರ್ ಹಾಕಿಕೊಟ್ಟ ಪ್ಯಾಕೇ ವರ್ಷಗಟ್ಟಲೆ ಓಡುತ್ತಿರುತ್ತದೆ. ಇಲ್ಲಿಯ ಪ್ಯಾಕ್‌ಗಳಲ್ಲಿ ಹಿಂದಿ, ಮರಾಠಿ ರಾಶಿ ರಾಶಿ. ಕನ್ನಡ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಸೇರಿಸಬೇಕು. ನಾವು ಕೂತು ಅರ್ಧದಷ್ಟು ತೆಗೆಸಿದೆವು, ಕನ್ನಡದವು ಉಳಿಸಿದೆವು, ಚಿಂಟು ಟಿವಿಯೂ ಸೇರಿ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಮರಾಠಿ, ಹಿಂದಿ. ನಮ್ಮ ಮನೆಮಾತು ಬಿಟ್ಟರೆ ಅವರ ಕಿವಿಗೆ ಕನ್ನಡ ಬೀಳುವುದು ಟಿವಿಯಿಂದಲೇ. ನಮ್ಮ ಲೆಕ್ಕ ಬೆಂಗಳೂರಿನ ಅಪ್ಪ-ಅಮ್ಮಂದಿರ ಲೆಕ್ಕಕ್ಕಿಂತ ಬೇರೆಯಾಗುವುದು ಇಲ್ಲಿಯೇ. ಕನ್ನಡ ಸಿಗುತ್ತದೆ ಅಂತ ದೊಡ್ಡವರ ಧಾರಾವಾಹಿ ನೋಡಬಿಡಬೇಕೋ, ಮಕ್ಕಳದ್ದು ಅಂತ ಹಿಂದಿ ಕಾರ್ಟೂನ್ ಬಿಡಬೇಕೋ?

ಸರ್ಟಿಫಿಕೇಟ್ ನೋಡಿದರಾಯಿತಲ್ಲ ಅಂತ ಯಾರಾದರೂ ಹೇಳಬಹುದು. ಸಿನಿಮಾಕ್ಕೆ ಅದು ಸರಿ. 'ಎ' ಪಡೆದ ಚಿತ್ರ ಟಿವಿಯಲ್ಲಿ ಬರುವಂತಿಲ್ಲ. ಕತ್ತರಿಸಿ, ಸೆನ್ಸಾರ್ ಮಂಡಳಿಯಿಂದ ಬೇರೆ ಪ್ರಮಾಣಪತ್ರ ತಂದರೆ ಮಾತ್ರ ಉಂಟು. ಮುಂಬೈಯಲ್ಲಿ ಈ ವಿಷಯಕ್ಕೆ ದೊಡ್ಡ ರಾದ್ಧಾಂತವೇ ಆಗಿತ್ತು. ಇಲ್ಲಿಯ ಕಾಲೇಜು ಅಧ್ಯಾಪಕಿಯೊಬ್ಬರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2005ರ ಕೊನೆಗೆ ಆದೇಶ ಕೊಟ್ಟಿತು. 2006ರ ಆಗಸ್ಟ್‌ನಲ್ಲಿ ಪೊಲೀಸರು ಕೇಬಲ್‌ನವರ ಮೇಲೆ ದಾಳಿ ಮಾಡಿದಾಗ ಸಿನಿಮಾ ಚಾನೆಲ್‌ಗಳು ಕೆಲವು ದಿನ ಮಾಯವಾದವು. ಆಗ ನಾನು ಘಾಟ್ಕೋಪರ್‌ನಲ್ಲಿ ಹುಡುಗರ ಜೊತೆ ರೂಮ್ ಮಾಡಿಕೊಂಡಿದ್ದ ಬ್ರಹ್ಮಚಾರಿ. ರೂಮಿನವರೆಲ್ಲ ಸೇರಿ ಆ ಅಧ್ಯಾಪಕಿಗೆ ಬೈದದ್ದೇ ಬೈದದ್ದು. ಈಗ ಎರಡು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾನೆಲ್ ತಿರುಗಿಸುವಾಗ ಅವರ ಮೇಲೆ ಬೇರೆಯೇ ಗೌರವ.

ಆದರೆ ಧಾರಾವಾಹಿಗೆ ಸೆನ್ಸಾರ್ ಇಲ್ಲ. ಮೊದಲೇ ಯಾರೂ ನೋಡಿ ಯು, ಯುಎ ಅಂತ ಮುದ್ರೆ ಒತ್ತುವುದಿಲ್ಲ. ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ಹೊಂದದ್ದನ್ನು ಹಾಕಬಾರದು ಅಂತ 1994ರ ಕೇಬಲ್ ಟಿವಿ ನಿಯಮಗಳಲ್ಲಿದೆ. ಪ್ರಸಾರಕರು ತಾವೇ ಮಾಡಿಕೊಂಡ ಬಿಸಿಸಿಸಿ ಎಂಬ ಮಂಡಳಿ 2011ರಿಂದ ದೂರು ಕೇಳುತ್ತದೆ. ದೊಡ್ಡವರಿಗೆ ಮಾತ್ರ ಅನ್ನುವಂಥದ್ದು ರಾತ್ರಿ 11ರಿಂದ ಬೆಳಿಗ್ಗೆ 5ರೊಳಗೆ ಬರಬೇಕೆಂಬ ಕಟ್ಟಳೆಯೂ ಇದೆ. ಸರಿ. ಆದರೆ ಸಂಜೆ ಏಳೂವರೆಗೆ, ಎಲ್ಲ ಒಡವೆ ಹಾಕಿಕೊಂಡ ಅತ್ತಿಗೆಯೊಬ್ಬಳು ನಾದಿನಿಯ ಹಾಲಿಗೆ ಏನೋ ಪುಡಿ ಬೆರೆಸುತ್ತಾಳೆ. ಅದರಲ್ಲಿ ಬೈಗುಳವಿಲ್ಲ, ರಕ್ತವಿಲ್ಲ, ಬಟ್ಟೆಯೂ ಮೈತುಂಬ. ಯಾವ ನಿಯಮಕ್ಕೆ ಅದು ಸಿಕ್ಕೀತು?

ಮಗ ಮಾತ್ರ ಸಿಕ್ಕಿಕೊಂಡ. ಅಜ್ಜಿಯ ತೊಡೆಗೆ ಒರಗಿ ಎವೆಯಿಕ್ಕದೆ ನೋಡಿದ. ಕ್ಯಾಮೆರಾ ಆ ಲೋಟವನ್ನು ಮೂರು ದಿಕ್ಕಿನಿಂದ, ಗುಡುಗಿನ ಸದ್ದಿನ ಜೊತೆ ತೋರಿಸಿತು. ಮರುದಿನ ಬೆಳಿಗ್ಗೆ ತನ್ನ ಹಾಲಿನ ಲೋಟ ಮೂಗಿನ ಹತ್ತಿರ ಹಿಡಿದು ಕೂತಿದ್ದ. ಮೂಸಿದ. ಚಮಚದಲ್ಲಿ ಅಡಿಯವರೆಗೆ ಕಲಕಿ ನೋಡಿದ. ಆಮೇಲೆ ಅಡುಗೆಮನೆಯತ್ತ ತಿರುಗಿ, "ಇದಕ್ಕೆ ಸಕ್ಕರೆ ಹಾಕಿದ್ದು ಯಾರು?" ಅಂದ. ಹಾಕಿದ್ದು ಅವನ ಅಮ್ಮ. ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನು ಲೋಟ ಮೇಜಿನ ಮೇಲೇ ಬಿಟ್ಟು ಶಾಲೆಗೆ ಹೋದ.

ಆ ಹೊತ್ತಿನಲ್ಲೇ ಮಳೆಗಾಲ. ಮಳೆಗಾಲದಲ್ಲಿ ನಮ್ಮೂರ ಕಡೆಯ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವೆ, ನಾವು ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೆವು. ಮಹಿಷಾಸುರ ದೊಂದಿ ಹಿಡಿದವರ ಜೊತೆ ಜನರ ನಡುವಿನಿಂದಲೇ ಆರ್ಭಟಿಸುತ್ತ ಬಂದ. ಇವನು ಹೆದರಲಿಲ್ಲ. ಕುರ್ಚಿ ಹತ್ತಿ ನಿಂತು ನೋಡಿದ. ಈಗ ಮೊಬೈಲ್‌ನಿಂದ ಟಿವಿಗೆ ಹಾಕಿದ ಯಕ್ಷಗಾನದ ವಿಡಿಯೊದಲ್ಲಿ ಅದೇ ದೃಶ್ಯ ತಿರುಗಿಸಿ ತಿರುಗಿಸಿ ಕೇಳುತ್ತಾನೆ. ಅಲ್ಲಿ ಕೊಲೆ ಇದೆ, ಕತ್ತಿ ಇದೆ, ಕೇಕೆ ಇದೆ. ಇಲ್ಲಿ ಒಂದು ಲೋಟ ಹಾಲು. ಯಾಕೆ ಹೀಗೆ ಅಂತ ನಾನೂ ಹೆಂಡತಿಯೂ ಬಹಳ ಮಾತಾಡಿಕೊಂಡೆವು. ಆಟ ಶುರುವಾಗುವ ಮೊದಲು ಅವನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಆ ಕಲಾವಿದರು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವುದನ್ನು ನೋಡಿದ್ದ. ಕೋಣದ ಕೊಂಬು ಪೆಟ್ಟಿಗೆಯಿಂದ ಬರುತ್ತದೆ ಅಂತ ಅವನಿಗೆ ಗೊತ್ತು. ಹಾಲಿನ ಲೋಟ ಎಲ್ಲಿಂದ ಬರುತ್ತದೆ? ನಮ್ಮ ಅಡುಗೆಮನೆಯಿಂದಲೇ.

ಆಮೇಲೆ ನಾವು ಅಳೆಯುವ ರೀತಿಯೇ ಬದಲಾಯಿತು. ಹೊಡೆದಾಟ ಎಷ್ಟಿದೆ, ಬೈಗುಳ ಎಷ್ಟಿದೆ ಅಂತ ಎಣಿಸುವುದನ್ನು ಬಿಟ್ಟೆವು. ಇದು ವೇಷ ಅಂತ ಈ ವಯಸ್ಸಿಗೆ ಗೊತ್ತಾಗುತ್ತದಾ ಅಂತ ನೋಡುತ್ತೇವೆ. ಇದರಲ್ಲಿ ನಡೆಯುವುದನ್ನು ನಮ್ಮ ಮನೆಯೊಳಗೆ ಮಾಡಿ ನೋಡಲು ಬರುತ್ತದಾ ಅಂತಲೂ ನೋಡುತ್ತೇವೆ. ನಾಲ್ಕನೇ ಮಹಡಿಯಲ್ಲಿ ಇರುವವರಿಗೆ ಹಾರುವ ಹೀರೊಗಳ ವಿಷಯದಲ್ಲಿ ಇದು ತಮಾಷೆಯಲ್ಲ, ಗ್ರಿಲ್ ಇದ್ದರೂ. ಇನ್ನೊಂದು, ತಪ್ಪು ಮಾಡಿದವನನ್ನು ನೋಡಿ ಅಲ್ಲಿ ನಗುವವರು ಯಾರು ಅನ್ನುವುದು. ಮಗಳು ಸಣ್ಣವಳಿದ್ದಾಗ ಐದು ವರ್ಷದ ತುಂಟ ಹುಡುಗನ ಜಪಾನಿ ಕಾರ್ಟೂನ್‌ಗೆ ಅಂಟಿಕೊಂಡಿದ್ದಳು, ವಾಚ್‌ಮನ್ ಮಾಮಾನ ಜೊತೆಗೂ ಅದೇ ರಾಗದಲ್ಲಿ ಮಾತು. ಜಪಾನಿನಲ್ಲಿ ಅದು ಹುಟ್ಟಿದ್ದೇ ದೊಡ್ಡವರ ವಾರಪತ್ರಿಕೆಯಲ್ಲಿ. ಇಲ್ಲಿ 2008ರಲ್ಲಿ ಅದರ ಪ್ರಸಾರ ನಿಂತು, ಆಮೇಲೆ ಕತ್ತರಿ ಆಡಿಸಿಕೊಂಡು ಮರಳಿತು. ಮಕ್ಕಳ ಚಾನೆಲ್‌ನಲ್ಲಿ ಬಂತೆಂದ ಮಾತ್ರಕ್ಕೆ ಮಕ್ಕಳದ್ದು ಅಂತ ನಂಬಬೇಡಿ.

ಇನ್ನು ಅಮ್ಮ. ಧಾರಾವಾಹಿಯ ವಿಷಯ ಅವರ ಹತ್ತಿರ ಎತ್ತುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಊರು, ತೋಟ, ನೆರೆಹೊರೆ ಎಲ್ಲ ಬಿಟ್ಟು ಬಂದವರಿಗೆ ಸಂಜೆಯ ಆ ಒಂದೂವರೆ ಗಂಟೆ ಬಿಟ್ಟರೆ ಇಲ್ಲಿ ಬೇರೆ ಏನಿದೆ? ಮರುದಿನ ಮಕ್ಕಳು ಶಾಲೆಗೆ ಹೋದ ಮೇಲೆ ಮರುಪ್ರಸಾರ ಬರುತ್ತದೆ, ಆ್ಯಪ್‌ನಲ್ಲೂ ಸಿಗುತ್ತದೆ, ಆಗ ನೋಡಬಹುದಲ್ಲ ಅಂದೆ.

"ನಿನ್ನೆದ್ದ್ ಇವತ್ತ್ ಕಾಣ್ಕಾ ನಾನು? ಅಷ್ಟೊತ್ತಿಗೆ ಊರಿಂದ ಅಕ್ಕ ಫೋನ್ ಮಾಡಿ ಕಥೆಯೆಲ್ಲ ಹೇಳಿ ಆಗಿರ್ತದೆ" ಅಂದರು.

ನ್ಯಾಯವಾದ ಮಾತೇ. ಕೊನೆಗೆ ಆದ ರಾಜಿ ಹೀಗೆ: ಒಂದು ಧಾರಾವಾಹಿ ಅವರದ್ದು, ಅದೇ ಹೊತ್ತಿಗೆ, ಆ ಅರ್ಧ ಗಂಟೆ ನಾನು ಮಗನನ್ನು ಕೆಳಗೆ ಸೈಕಲ್‌ಗೆ ಕರೆದೊಯ್ಯುತ್ತೇನೆ. ಉಳಿದವು ಬೆಳಿಗ್ಗೆ. ಅಕ್ಕನಿಗೆ, ಅಂದರೆ ದೊಡ್ಡಮ್ಮನಿಗೆ, ಹತ್ತು ಗಂಟೆಯ ನಂತರ ಫೋನ್ ಮಾಡು ಅಂತ ನಾನೇ ಹೇಳಿದೆ. ಮಗಳು ಅಜ್ಜಿಯ ಜೊತೆ ಕೂತು ನೋಡುತ್ತಾಳೆ, ನಾವು ಬೇಡ ಅನ್ನಲಿಲ್ಲ. ಅವಳು ಕಥೆ ನೋಡುವುದಕ್ಕಿಂತ ಹೆಚ್ಚಾಗಿ ಟೀಕೆ ಮಾಡುತ್ತಾಳೆ: "ಅಜ್ಜಿ, ಇವಳು ಮಲಗುವಾಗಲೂ ಸರ ತೆಗೆಯಲ್ವಾ?" ಆ ಟೀಕೆ ಕನ್ನಡದಲ್ಲೇ ಬರುವುದರಿಂದ ನನಗೆ ಎರಡು ಪಟ್ಟು ಖುಷಿ.

ವಾರಾಂತ್ಯದ ಮಕ್ಕಳ ಡ್ಯಾನ್ಸ್ ಕಾರ್ಯಕ್ರಮಗಳನ್ನು ಮಾತ್ರ ನಿಲ್ಲಿಸಿಯೇ ಬಿಟ್ಟೆವು. ಪುಟ್ಟ ಹುಡುಗಿಯರು ಸಿನಿಮಾದ ಐಟಂ ಹಾಡಿಗೆ ಸೊಂಟ ಬಳುಕಿಸುವುದು, ಸೋತ ಮಗು ಅಳುವಾಗ ಕ್ಯಾಮೆರಾ ಅದರ ಮುಖ ಬಿಟ್ಟು ಕದಲದೇ ಇರುವುದು. 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಸಚಿವಾಲಯ ಈ ಬಗ್ಗೆ ಚಾನೆಲ್‌ಗಳಿಗೆ ಸಲಹೆ ಕಳಿಸಿತ್ತು. ಹಾಡಿನ ಸ್ಪರ್ಧೆಗಳು ಇವೆ, ನೋಡುತ್ತೇವೆ. ತೀರ್ಪುಗಾರರು ಕಣ್ಣೊರೆಸಿಕೊಳ್ಳಲು ಶುರು ಮಾಡಿದರೆ ಅನ್ನ ಬಡಿಸಲು ಏಳುತ್ತೇವೆ.

ಎಲ್ಲಕ್ಕಿಂತ ಬಿಗಿ ನಿಯಮ ಮಾಡಿದ್ದು ನ್ಯೂಸ್ ಚಾನೆಲ್‌ಗಳಿಗೆ. ನನ್ನ ಮಟ್ಟಿಗೆ ಸಣ್ಣ ಮಕ್ಕಳಿಗೆ ಟಿವಿಯಲ್ಲಿ ಅತಿ ಹೆಚ್ಚು ಅಪಾಯದ್ದು ಅದೇ, ಮತ್ತು ಅದಕ್ಕೆ ಯಾರೂ ಲಾಕ್ ಹಾಕುವುದಿಲ್ಲ, ಯಾಕೆಂದರೆ ಸುದ್ದಿ ನೋಡುವುದು ಒಳ್ಳೆಯ ಅಭ್ಯಾಸ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಸ್ಟುಡಿಯೊಗಳಲ್ಲೇ ಸೈರನ್ ಊದುತ್ತಿದ್ದರು. ಮುಂಬೈಯಲ್ಲಿ ಅದೇ ವಾರ ಅಣಕು ಕಸರತ್ತೂ ಇತ್ತು. ಮಗ ಸೋಫಾದ ಹಿಂದೆ ಹೋಗಿ ಕೂತ. ಅಲ್ಲಿಂದಲೇ, "ಅಪ್ಪ, ನಮ್ಮ ಟೆರೇಸ್‌ಗೆ ಬೀಗ ಹಾಕಿದ್ದಾರಾ?" ಅಂತ ಕೇಳಿದ. ಸುದ್ದಿ ಪ್ರಸಾರದಲ್ಲಿ ನಾಗರಿಕ ರಕ್ಷಣೆಯ ಸೈರನ್ ಸದ್ದು ಬಳಸಬೇಡಿ ಅಂತ ಸರ್ಕಾರವೇ ಆಮೇಲೆ ಹೇಳಬೇಕಾಯಿತು. ನಮ್ಮ ಮನೆಯಲ್ಲಿ ಮಕ್ಕಳು ಎಚ್ಚರವಿರುವಷ್ಟು ಹೊತ್ತು ನ್ಯೂಸ್ ಚಾನೆಲ್ ಹಾಕುವುದಿಲ್ಲ. ಅಮ್ಮನಿಗೆ ಊರಿನ ಮಳೆ, ರಸ್ತೆಯ ಸುದ್ದಿ ಬೇಕು, ಅದನ್ನು ನಾನು ಫೋನಿನಲ್ಲಿ ಓದಿ ಹೇಳುತ್ತೇನೆ.

ಜಾಹೀರಾತಿಗೆ ಸಣ್ಣ ಉಪಾಯವಿದೆ. ಐಪಿಎಲ್ ಸಮಯದಲ್ಲಿ ಓವರ್ ಮುಗಿದ ಕೂಡಲೇ ಮ್ಯೂಟ್ ಒತ್ತುವ ಕೆಲಸ ಮಗನದ್ದು. ರಿಮೋಟನ್ನು ಪಿಸ್ತೂಲಿನಂತೆ ಹಿಡಿದು ಆರನೇ ಎಸೆತಕ್ಕೇ ಕಾಯುತ್ತಾನೆ. ತಂಬಾಕಿನ ಜಾಹೀರಾತು ಟಿವಿಯಲ್ಲಿ ಬರಬಾರದು, ಹಾಗಾಗಿ ಅದೇ ಹೆಸರು ಏಲಕ್ಕಿಯ ಡಬ್ಬಿ ಮೇಲೆ ಬರುತ್ತದೆ. ಇಷ್ಟು ದೊಡ್ಡ ಸ್ಟಾರ್‌ಗಳು ಏಲಕ್ಕಿ ಯಾಕೆ ಮಾರುತ್ತಾರೆ ಅಂತ ಮಗಳು ಕೇಳಿದಳು, ವಿಷಯ ಹೇಳಿದೆ. ಈಗ ಅವಳೇ ತಮ್ಮನಿಗೆ ಪಾಠ ಮಾಡುತ್ತಾಳೆ.

ಎಷ್ಟು ಹೊತ್ತು ಅನ್ನುವುದಕ್ಕೆ ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ ಹೇಳಿದ್ದನ್ನೇ ಇಟ್ಟುಕೊಂಡಿದ್ದೇವೆ: ಎರಡು ವರ್ಷದೊಳಗೆ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಂತೆ, ಹತ್ತರವರೆಗೆ ಎರಡು ಗಂಟೆಯೊಳಗೆ. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ದಿನ ಆ ಲೆಕ್ಕ ಹೇಗೂ ನೀರುಪಾಲು.

ಒಟಿಟಿ ಬಂದ ಮೇಲೆ ನಿಯಮವಾದರೂ ಸ್ಪಷ್ಟವಾಗಿದೆ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿಯೊಂದಕ್ಕೂ ಯು, 7+, 13+, 16+, ಎ ಅಂತ ದರ್ಜೆ ಹಾಕಬೇಕು, 13+ ಮತ್ತು ಮೇಲಿನದಕ್ಕೆ ಪೋಷಕರ ಲಾಕ್ ಇರಬೇಕು. ಸಿನಿಮಾ ಸರ್ಟಿಫಿಕೇಟಿನಲ್ಲೂ 2023ರ ತಿದ್ದುಪಡಿಯಿಂದ ಯುಎ ಹೀಗೇ ಮೂರಾಗಿದೆ. ನಾನು ವಯಸ್ಸಿನ ಅಂಕಿಗಿಂತ ಅದರ ಪಕ್ಕದ ಪುಟ್ಟ ಅಕ್ಷರ ನೋಡುತ್ತೇನೆ: ಹಿಂಸೆ, ಭಾಷೆ, ಭಯ, ಮಾದಕವಸ್ತು ಅಂತ ಬರೆದಿರುತ್ತದಲ್ಲ, ಅದು. ಭಾಷೆಗೆ 13+ ಆಗಿದ್ದರೆ ನನಗೆ ಅಷ್ಟು ಚಿಂತೆಯಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಮಗಳು ಸ್ಕೂಲ್ ಬಸ್ಸಿನಲ್ಲೇ ಕೇಳಿರುತ್ತಾಳೆ. ಭಯ ಅಂತಿದ್ದರೆ ನಿಲ್ಲುತ್ತೇನೆ. ಆಟೊಪ್ಲೇ ಎಲ್ಲ ಕಡೆ ಬಂದ್ ಮಾಡಿದ್ದೇವೆ. ಇದೊಂದು ಬದಲಾವಣೆಯಿಂದಲೇ ಅರ್ಧ ಜಗಳ ಕಡಿಮೆಯಾಯಿತು, ಕಂತು ಮುಗಿದರೆ ಟಿವಿ ತಾನಾಗಿ ಸುಮ್ಮನಾಗುತ್ತದೆ. ಪಿನ್‌ಗೆ ಮನೆಯವರ ಹುಟ್ಟಿದ ವರ್ಷ ಇಡಬೇಡಿ, ಒತ್ತುವಾಗ ರಿಮೋಟ್ ಮರೆಮಾಡಿ. ಹನ್ನೊಂದು ವರ್ಷದವರು ಬೆರಳು ಹೋಗುವ ದಾರಿ ನೋಡಿಯೇ ಸಂಖ್ಯೆ ಹೇಳುತ್ತಾರೆ.

ಮಗಳು ಕೇಳಿದ್ದನ್ನು ನಾನು ಮೊದಲು ನೋಡುತ್ತೇನೆ. ಬೆಳಗಿನ ಐದರ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ, ಥಾಣೆಯವರೆಗೆ ಅರ್ಧ ಕಂತು ಆಗುತ್ತದೆ. ಮೊದಲ ಕಂತು ನೋಡಿ ಒಪ್ಪಿಗೆ ಕೊಡಬಾರದು. ಅದರಲ್ಲಿ ಎಲ್ಲರೂ ಸಜ್ಜನರೇ ಆಗಿರುತ್ತಾರೆ. ನಡುವಿನ ಒಂದು ಕಂತು, ಕೊನೆಯದಕ್ಕಿಂತ ಹಿಂದಿನದೊಂದು, ಇಷ್ಟು ನೋಡಿದರೆ ಸಾಕು. ಪಕ್ಕದ ಮನೆಯ ಕಾಕೂ ಹತ್ತಿರ ಆಡಲು ಹೋದಾಗ ಅಲ್ಲಿ ಏನು ಹಾಕಿದ್ದರೋ ಅದು. ಬೇರೆಯವರ ಹಾಲ್‌ನಲ್ಲಿ ನಮ್ಮ ಕಾನೂನು ನಡೆಯುವುದಿಲ್ಲ. ಬಂದ ಮೇಲೆ ಏನು ನೋಡಿದಿರಿ ಅಂತ ಕೇಳುತ್ತೇನೆ, ಅಷ್ಟೇ.

ಸದ್ಯ ಅವಳಿಗೆ ಒಂದು ಕೊರಿಯನ್ ಸರಣಿ ಬೇಕಾಗಿದೆ. 16+ ಅಂತಿದೆ, ಕ್ಲಾಸಿನವರೆಲ್ಲ ನೋಡಿ ಮುಗಿಸಿದ್ದಾರಂತೆ. ಹೆಂಡತಿಯ ವಾದ, ನಮ್ಮ ಜೊತೆ ಕೂತು ನೋಡಲಿ, ಇಲ್ಲವಾದರೆ ಗೆಳತಿಯ ಫೋನಿನಲ್ಲಿ ನೋಡುತ್ತಾಳೆ ಅಂತ. ನನ್ನದು, ಇನ್ನೆರಡು ವರ್ಷ ಹೋಗಲಿ ಅಂತ. ಎರಡು ದಿನದಿಂದ ಇಬ್ಬರೂ ಪಟ್ಟು ಬಿಟ್ಟಿಲ್ಲ. ಅಮ್ಮ ಮಾತ್ರ ಅವರ ಪಾಡಿಗೆ, ಆ ಹುಡುಗ ಎಷ್ಟು ಚೆಂದ ಇದ್ದಾನೆ, ಹಾಕಿ ಕಾಂಬ ಅನ್ನುತ್ತಿದ್ದಾರೆ. ನಾಲ್ಕನೇ ಕಂತು ಡೌನ್‌ಲೋಡ್ ಮಾಡಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ರೈಲಿನಲ್ಲಿ ನೋಡಬೇಕು.