ಬೀದಿಗೊಂದು ತಟ್ಟೆ ಬ್ಯಾಂಕ್: ಕೊಳ್ಳುವ ಮುನ್ನ ತೊಳೆಯುವ ಜಾಗ ಹುಡುಕಿ

ಒಂದು ಪೇಪರ್ ಲೋಟವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಗೆದು ನೋಡಿ. ಕಾಗದ ಮೆತ್ತಗಾಗಿ ಬೆರಳಿಗೆ ಕಿತ್ತು ಬರುತ್ತದೆ. ಅದನ್ನೆಲ್ಲ ಉಜ್ಜಿ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಈರುಳ್ಳಿಯ ಒಳಪೊರೆಯಷ್ಟು ತೆಳುವಾದ, ಲೋಟದ ಆಕಾರದ್ದೇ ಒಂದು ಪ್ಲಾಸ್ಟಿಕ್ ಪದರ. ಬಿಸಿ ಕಾಫಿ ಸೋರದಂತೆ ತಡೆದದ್ದು ಕಾಗದವಲ್ಲ, ಇದು. ಮೈಸೂರಿನ ನಮ್ಮ ಬೀದಿಯಲ್ಲಿ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಟ್ಟು ಹಿಂದೆ ಪಡೆಯುವ ತಟ್ಟೆ ಬ್ಯಾಂಕ್ ಶುರುವಾದದ್ದು ಈ ಪದರದಿಂದಲೇ. ಬೀದಿಯ ಸಭೆಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿದೆವು. ‘ಕಾಗದ ತಾನೇ, ಕೊಳೆತು ಹೋಗುತ್ತೆ ಬಿಡಿ’ ಎನ್ನುತ್ತಿದ್ದವರು ಆಮೇಲೆ ಆ ಮಾತು ಆಡಲಿಲ್ಲ. ನಿಮ್ಮ ಬೀದಿಯಲ್ಲೂ ಮೊದಲು ಇದನ್ನೇ ಮಾಡಿ ತೋರಿಸಿ. ಭಾಷಣಕ್ಕಿಂತ ಬೇಗ ನಾಟುತ್ತದೆ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಇವನ್ನೆಲ್ಲ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ಇಡೀ ದೇಶದಲ್ಲೇ ನಿಷೇಧ ಬಂತು. ಆದರೆ ಅವು ಬಿಟ್ಟ ಜಾಗಕ್ಕೆ ಒಳಮೈಗೆ ಲೇಪ ಹಚ್ಚಿದ ಪೇಪರ್ ತಟ್ಟೆ, ಬಾಳೆ ಎಲೆಯ ಚಿತ್ರ ಅಚ್ಚಾದ ಹಸಿರು ಹಾಳೆ ಬಂದು ಕೂತಿವೆ. ಆ ಹಸಿರು ಹಾಳೆಯನ್ನು ಎಲೆಯೆಂದೇ ತಿಳಿದು ದನ ಮೆಲ್ಲುವುದನ್ನು ಗೃಹಪ್ರವೇಶದ ಮಾರನೆಯ ದಿನ ಯಾವ ಊರಿನ ಮೂಲೆಯಲ್ಲಾದರೂ ಕಾಣಬಹುದು. ನೋಡಿದವರಿಗೆ ಹೊಟ್ಟೆ ಕಿವುಚುತ್ತದೆ.

ತಟ್ಟೆ ಬ್ಯಾಂಕ್ ಹೊಸ ಸಂಗತಿಯೇನಲ್ಲ. ಮದುವೆಗೆ ದೇವಸ್ಥಾನದ ಕೊಳಗ, ಹರಿವಾಣ, ತಂಬಿಗೆ ತಂದು ಬಳಸಿ, ಬೆಳಗಿ ಹಿಂದಿರುಗಿಸುತ್ತಿದ್ದ ನಮ್ಮ ಅಜ್ಜಿಯರು ನಡೆಸಿದ್ದೂ ಇದನ್ನೇ. ಈಗ ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸ್ಟೀಲ್ ತಟ್ಟೆಗಳ ಬ್ಯಾಂಕ್ ನಡೆಸುತ್ತಿದೆ. ಕೇರಳದವರು 2015ರ ರಾಷ್ಟ್ರೀಯ ಕ್ರೀಡಾಕೂಟವನ್ನೇ ಎಸೆಯುವ ತಟ್ಟೆ ಲೋಟ ದೂರವಿಟ್ಟು ನಡೆಸಿದರು. ಅಷ್ಟು ದೊಡ್ಡ ಕೂಟಕ್ಕೆ ಸಾಧ್ಯವಾದದ್ದು ನೂರಾರು ಜನರ ನಾಮಕರಣಕ್ಕೂ ಸಾಧ್ಯ.

ಮೊದಲು ತೊಳೆಯುವ ಲೆಕ್ಕ

ತಟ್ಟೆ ಕೊಳ್ಳುವುದು ಎಲ್ಲಕ್ಕಿಂತ ಸುಲಭದ ಕೆಲಸ. ಕೇಳಿದರೆ ಕೊಡುಗೆ ಕೊಡುವವರು ಸಿಗುತ್ತಾರೆ. ಆದರೆ ಬ್ಯಾಂಕ್ ನಿಂತುಹೋಗುವುದು ತೊಳೆಯುವ ಕಲ್ಲಿನ ಹತ್ತಿರ. ‘ರಾತ್ರಿ ಹತ್ತು ಗಂಟೆಗೆ ಇನ್ನೂರು ಎಂಜಲು ತಟ್ಟೆ ಯಾರು ತೊಳೀತಾರೆ?’ ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಪಾತ್ರೆ ಅಂಗಡಿಯ ಕಡೆ ಹೋಗಲೇಬೇಡಿ.

ನಲ್ಲಿ ಇರುವ, ನೀರು ಹರಿದುಹೋಗಲು ದಾರಿ ಇರುವ, ಮೇಲೆ ಸ್ವಲ್ಪ ಸೂರು ಇರುವ ಜಾಗ ಬೇಕು. ಸಮುದಾಯ ಭವನದ ಹಿತ್ತಿಲು, ದೇವಸ್ಥಾನದ ಪಾಕಶಾಲೆಯ ಹಿಂಬದಿ, ಯಾರದಾದರೂ ಮನೆಯ ಹಿತ್ತಿಲು ಯಾವುದಾದರೂ ನಡೆದೀತು. ನೆಲದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ತೊಳೆಯುವ ಏರ್ಪಾಡು ಬೇಡ. ಟಬ್ಬುಗಳನ್ನು ಸೊಂಟದೆತ್ತರದ ಕಟ್ಟೆಯ ಮೇಲಿಡಿ. ನಿಂತು ತೊಳೆದರೆ ಬೆನ್ನು ಉಳಿಯುತ್ತದೆ.

ತೊಳೆಯುವವರು ಯಾರು ಎಂಬುದನ್ನೂ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಮಾತಾಡದಿದ್ದರೆ ಆ ಕೆಲಸ ತಾನಾಗಿಯೇ ಮನೆಯ ಹೆಂಗಸರ ಮೇಲೋ, ಬೆಳಿಗ್ಗೆ ಬೀದಿ ಗುಡಿಸಲು ಬರುವ ಪೌರಕಾರ್ಮಿಕರ ಮೇಲೋ ಬೀಳುತ್ತದೆ. ಇದು ಸಲ್ಲದು. ಕೂಲಿಗೆ ಕರೆದರೆ ಅಂದೇ ಕೂಲಿ ಕೊಡಿ, ಅದನ್ನು ಸಮಾರಂಭದ ಮನೆಯವರಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಸ್ವಯಂಸೇವಕರೇ ತೊಳೆಯುವುದಾದರೆ ಸರದಿಯ ಪಟ್ಟಿಯಲ್ಲಿ ಗಂಡಸರ ಹೆಸರು ಮೇಲೆ ಇರಲಿ.

ತೊಳೆಯುವ ಕ್ರಮವನ್ನು ಕಲಿಯಬೇಕಾದರೆ ಬೀದರ್‌ನ ನಾನಕ್ ಝೀರಾ ಗುರುದ್ವಾರಕ್ಕೆ ಹೋದಾಗ ಲಂಗರ್‌ನ, ಅಂದರೆ ಬಂದವರಿಗೆಲ್ಲ ಊಟ ಹಾಕುವ ಪಾಕಶಾಲೆಯ, ತಟ್ಟೆ ತೊಳೆಯುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಅಲ್ಲಿ ತಟ್ಟೆ ತೊಳೆಯುವುದೇ ಸೇವೆ. ಹಲವು ಕೈಗಳ ನಡುವೆ ಕೆಲಸ ಹಂಚಿಹೋದಾಗ ತಟ್ಟೆಯ ರಾಶಿ ಕರಗುವುದೇ ಗೊತ್ತಾಗುವುದಿಲ್ಲ.

ನಮ್ಮ ಕ್ರಮ ಹೀಗಿದೆ. ಉಂಡವರು ತಟ್ಟೆ ಇಡುವ ಜಾಗದಲ್ಲೇ ಒಬ್ಬರು ನಿಂತು, ಉಳಿದ ಅನ್ನ ಸಾರನ್ನೆಲ್ಲ ತೆಂಗಿನ ನಾರಿನಿಂದ ಒಂದು ಬಕೆಟ್ಟಿಗೆ ಬಳಿಯುತ್ತಾರೆ. ಚೆನ್ನಾಗಿ ಬಳಿದ ತಟ್ಟೆ ಅರ್ಧ ತೊಳೆದ ಹಾಗೆಯೇ. ಆಮೇಲೆ 60 ಲೀಟರ್ ಹಿಡಿಯುವ ಮೂರು ಟಬ್ಬು: ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಬರೀ ನೀರು. ಹೋಳಿಗೆ ತುಪ್ಪದ ಊಟವಿದ್ದ ದಿನ ಸೋಪಿನ ನೀರು ಬಿಸಿಯಾಗಿರಲೇಬೇಕು. ಇಲ್ಲದಿದ್ದರೆ ತುಪ್ಪ ಹೆಪ್ಪುಗಟ್ಟಿ, ಉಜ್ಜಿದಷ್ಟೂ ತಟ್ಟೆಯ ತುಂಬ ಸವರಿಕೊಳ್ಳುತ್ತದೆಯೇ ಹೊರತು ಬಿಡುವುದಿಲ್ಲ.

‘ತೊಳೆಯೋಕೆ ನೀರು ಖರ್ಚಾಗಲ್ವಾ, ಅದು ಪರಿಸರಕ್ಕೆ ನಷ್ಟ ಅಲ್ವಾ?’ ಎಂದು ಎಲ್ಲ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ನಷ್ಟವೇ ಸರಿ. ಟಬ್ಬಿನಲ್ಲಿ ಹಾಗಾಗುವುದಿಲ್ಲ. ಎಪ್ಪತ್ತು ತಟ್ಟೆ ಆದ ಮೇಲೆ ಎರಡನೆಯ ಟಬ್ಬಿನ ನೀರನ್ನು ಮಾತ್ರ ಚೆಲ್ಲಿ, ಮೂರನೆಯದನ್ನು ಅದರ ಜಾಗಕ್ಕೆ ಸರಿಸಿ. ಹೊಸ ನೀರು ಕಡೆಯ ಟಬ್ಬಿಗೆ ಮಾತ್ರ. ಹೀಗೆ 200 ತಟ್ಟೆಗೆ ಎರಡು ಸಲ ಬದಲಾಯಿಸಿದರೆ, ಮೊದಲು ತುಂಬಿಸಿದ 180 ಲೀಟರ್, ಆಮೇಲಿನ 120 ಲೀಟರ್ ಸೇರಿ 300 ಲೀಟರ್. ತಟ್ಟೆಗೆ ಒಂದೂವರೆ ಲೀಟರ್ ಆಯಿತು. ಸೋಪಿನ ಬದಲು ಅಂಟುವಾಳ ನೆನೆಸಿದ ನೀರೋ ಸೀಗೆಪುಡಿಯೋ ಆದರೆ ಚೆಲ್ಲುವ ನೀರನ್ನು ಬಾಳೆಗಿಡದ ಬುಡಕ್ಕೆ ತಿರುಗಿಸಿಬಿಡಬಹುದು.

ತೊಳೆದ ಮೇಲೆ ಒಣಗಿಸುವುದನ್ನು ಮರೆಯಬೇಡಿ. ನಾವು ಮೊದಲ ಗೃಹಪ್ರವೇಶದ ರಾತ್ರಿ ಸುಸ್ತಾಗಿ, ಹಸಿ ತಟ್ಟೆಗಳನ್ನೇ ಪೇರಿಸಿ ಚೀಲಕ್ಕೆ ತುಂಬಿದ್ದೆವು. ಹತ್ತು ದಿನದ ಮೇಲೆ ಬಿಚ್ಚಿದರೆ ಮುಗ್ಗಲು ವಾಸನೆ, ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಳಿತಿದ್ದವು. ಎಲ್ಲವನ್ನೂ ಮತ್ತೆ ತೊಳೆಯಬೇಕಾಯಿತು. ಈಗ ರಾತ್ರಿ ಗೋಡೆಗೆ ಒರಗಿಸಿ ನಿಲ್ಲಿಸಿಡುತ್ತೇವೆ, ಮಾರನೆಯ ದಿನ ಬಿಸಿಲು ಕಾಣಿಸಿದ ಮೇಲೆಯೇ ಕಟ್ಟುತ್ತೇವೆ.

ಏನು ಕೊಳ್ಳಬೇಕು

200 ತಟ್ಟೆ, 250 ಲೋಟದಿಂದ ಆರಂಭಿಸಿ. ಲೋಟ ಯಾವಾಗಲೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ನೀರಿಗೊಂದು, ಪಾಯಸಕ್ಕೊಂದು ಎಂದು ಜನ ಎರಡೆರಡು ತೆಗೆದುಕೊಳ್ಳುತ್ತಾರೆ. ಎಲ್ಲವೂ ಒಂದೇ ಅಳತೆಯದಾಗಿರಲಿ, ಪೇರಿಸಲು ಎಣಿಸಲು ಸುಲಭ. ಖಾನೆ ಖಾನೆ ಇರುವ ತಟ್ಟೆ ಬೇಡವೇ ಬೇಡ. ಮೂಲೆಗಳಲ್ಲಿ ಪಲ್ಯ ಸಿಕ್ಕಿಹಾಕಿಕೊಳ್ಳುತ್ತದೆ, ಅನ್ನ ಸಾರು ಕಲೆಸಿ ಉಣ್ಣುವ ಕೈಗೆ ಜಾಗವೂ ಸಾಲದು. ಅಂಚನ್ನು ಸುರುಳಿ ಮಡಿಚಿದ ತಟ್ಟೆಗಳಲ್ಲಿ ಮಡಿಕೆಯೊಳಗೆ ನೀರು ನಿಲ್ಲುತ್ತದೆ, ಅಂಗಡಿಯಲ್ಲೇ ಬೆರಳಾಡಿಸಿ ನೋಡಿ.

ಕೊಂಡ ದಿನವೇ ಪ್ರತಿ ತಟ್ಟೆ ಲೋಟದ ಮೇಲೂ ಬೀದಿಯ ಹೆಸರು ಕೆತ್ತಿಸಿಬಿಡಿ. ಪಾತ್ರೆ ಅಂಗಡಿಯಲ್ಲೇ ಕೆತ್ತಿಕೊಡುತ್ತಾರೆ. ಕೆತ್ತಿಸದೆ ಬಿಟ್ಟಿದ್ದ ನಮ್ಮ ಒಂದಷ್ಟು ಲೋಟ ಶಾಮಿಯಾನದವರ ಲೋಟಗಳ ಜೊತೆ ಸೇರಿಹೋಯಿತು. ಎರಡೂ ಒಂದೇ ಥರ, ನಮ್ಮದೆಂದು ಹೇಳಲು ಗುರುತೇ ಇರಲಿಲ್ಲ. ಐವತ್ತು ತಟ್ಟೆಗೊಂದು ಗಟ್ಟಿ ಬಟ್ಟೆಯ ಚೀಲ ಹೊಲಿಸಿ. ಕಾಲು ಕಿಲೋ ತೂಗುವ ತಟ್ಟೆಯಾದರೆ ಚೀಲ ಹನ್ನೆರಡೂವರೆ ಕಿಲೋ, ಒಬ್ಬರೇ ಎತ್ತಬಹುದು.

ಬಾಳೆ ಎಲೆಯ ಊಟ ಹಾಕುವವರಿಗೆ ತಟ್ಟೆ ಒಪ್ಪಿಸಲು ಹೋಗಬೇಡಿ. ಬಾಳೆ ಎಲೆ, ಮುತ್ತುಗದ ಎಲೆಗಿಂತ ಒಳ್ಳೆಯದನ್ನು ನಾವು ಕೊಡಲಾರೆವು. ಅಲ್ಲಿಗೆ ಲೋಟ ಮಾತ್ರ ಕಳಿಸಿ.

ಪಾನಕದಿಂದ ಶುರು ಮಾಡಿ

ಮೊದಲ ಸಲವೇ ಮದುವೆ ಊಟಕ್ಕೆ ಕೈಹಾಕಬೇಡಿ. ರಾಮನವಮಿಗೆ ಬೀದಿಯಲ್ಲಿ ಪಾನಕ ಮಜ್ಜಿಗೆ ಹಂಚುತ್ತಾರಲ್ಲ, ಅದಕ್ಕೆ ಲೋಟ ಕೊಡಿ. ಎಣ್ಣೆ ಜಿಡ್ಡಿಲ್ಲ, ತೊಳೆಯುವುದು ಹಗುರ. ಕುಡಿದವರು ಲೋಟ ಹಿಡಿದು ಹೊರಟುಬಿಡದಂತೆ ಪಾನಕದ ಮೇಜಿನ ಪಕ್ಕದಲ್ಲೇ ಬುಟ್ಟಿ ಇಟ್ಟು, ಒಂದು ಮಗುವನ್ನು ನಿಲ್ಲಿಸಿ. ‘ಲೋಟ ಇಲ್ಲಿ ಹಾಕಿ ಮಾಮ’ ಎಂದು ಮಗು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕೋಸಂಬರಿಗೆ ಮುತ್ತುಗದ ದೊನ್ನೆ ಸಾಕು. ಆಮೇಲೆ ಗಣೇಶನ ಪ್ರಸಾದ, ಅದಾದ ಮೇಲೆ ಊಟ.

ಪುಸ್ತಕ ಮತ್ತು ಠೇವಣಿ

ಬಾಡಿಗೆ ಬೇಡ, ಠೇವಣಿ ಇರಲಿ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ತೆಗೆದುಕೊಂಡವರ ಹೆಸರು, ದಿನ, ಕೊಟ್ಟ ಎಣಿಕೆ, ಬಂದ ಎಣಿಕೆ, ಸಹಿ ಬರೆಯಿಸಿ. ಕೊಡುವಾಗಲೂ ಹಿಂದೆ ಪಡೆಯುವಾಗಲೂ ಇಬ್ಬರೂ ಸೇರಿ ಎಣಿಸಬೇಕು. ನೆಂಟರ ಮನೆಯಾದರೂ ಎಣಿಸಿ. ಕಡಿಮೆ ಬಂದದ್ದಕ್ಕೆ ಹೊಸದರ ಬೆಲೆ ಠೇವಣಿಯಲ್ಲಿ ಮುರಿದುಕೊಳ್ಳಿ. ಚಮಚಗಳು ಎಂಜಲು ಬಕೆಟ್ಟಿಗೆ ಜಾರಿ ಕಾಣೆಯಾಗುತ್ತವೆ, ಬಕೆಟ್ ಸುರಿಯುವ ಮೊದಲು ಒಮ್ಮೆ ಕೈಯಾಡಿಸಿ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ‘ಬಾಡೂಟಕ್ಕೂ ಇದೇ ತಟ್ಟೆ ಕೊಡ್ತೀರಾ? ಯಾರ್‍ಯಾರೋ ಉಂಡ ತಟ್ಟೆ ಅಲ್ವಾ?’ ಇದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ, ಮುಂದೂಡಿದರೆ ಬ್ಯಾಂಕ್ ಎರಡಾಗುತ್ತದೆ. ಎಲ್ಲರಿಗೂ ಒಂದೇ ತಟ್ಟೆ ಎಂದು ನಾವು ನಿರ್ಧರಿಸಿದೆವು. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಸ್ಟೀಲಿನ ಮೇಲೆ ಯಾರ ಎಂಜಲೂ ಉಳಿಯುವುದಿಲ್ಲ. ಒಂದಿಬ್ಬರು ದೂರ ಉಳಿದರು. ಅವರಲ್ಲೊಬ್ಬರು ಮುಂದಿನ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ತಾವಾಗಿಯೇ ನೂರು ತಟ್ಟೆ ಕೇಳಿ ಬಂದರು.

ಶ್ರಾವಣ ಬಂತೆಂದರೆ ಒಂದೇ ದಿನಕ್ಕೆ ಮೂರು ಮನೆಯವರು ಕೇಳುತ್ತಾರೆ. ಎರಡು ಬುಕಿಂಗ್ ನಡುವೆ ಒಂದು ದಿನ ಖಾಲಿ ಬಿಡಿ, ಅದು ಒಣಗಿಸಲು. ಕಪಾಟಿನ ಬೀಗದ ಕೈ ಕಾರ್ಯದರ್ಶಿಯ ಮನೆಯಲ್ಲಿ ಬೇಡ. ಕೆಲಸಕ್ಕೆ ಹೋಗುವವರ ಮನೆ ಹಗಲೆಲ್ಲ ಮುಚ್ಚಿರುತ್ತದೆ. ನಮ್ಮಲ್ಲಿ ಅದು ಬೀದಿ ಕೊನೆಯ ಮನೆಯ ಅಜ್ಜಿಯ ಹತ್ತಿರ ಇದೆ. ಅವರು ಸದಾ ಮನೆಯಲ್ಲಿರುತ್ತಾರೆ, ಎಣಿಸದೆ ಒಂದು ಲೋಟವನ್ನೂ ಹೊರಗೆ ಬಿಡುವುದಿಲ್ಲ.