ದವಡೆ ಹಲ್ಲು ಹೋದ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವ ಮುನ್ನ

ಇಂಪ್ಲಾಂಟ್ ಎಂದರೆ ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರಿಸುವ ಸ್ಕ್ರೂ, ಅದರ ಮೇಲೆ ಕ್ಯಾಪ್, ಅಂದರೆ ಕೃತಕ ಹಲ್ಲು, ಬರುತ್ತದೆ. ಕೆಳಗಿನ ದವಡೆ ಹಲ್ಲು ಕೀಳಿಸಿದ ಮೇಲೆ ಆ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡಬೇಡಿ. ಬೇರಿಲ್ಲದ ಮೂಳೆ ಕರಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಹೆಚ್ಚುಕಡಿಮೆ ಅರ್ಧಕ್ಕಿಳಿಯಬಹುದು. ಪಕ್ಕದ ಹಲ್ಲು ವಾಲಿ, ಮೇಲಿನ ಹಲ್ಲು ಕೆಳಗಿಳಿದರೆ ಕ್ಯಾಪ್ ಕೂರಿಸಲೂ ಜಾಗ ಉಳಿಯದು.

ಮೊದಲು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಇಲ್ಲಿಗೆ ಸಾಮಾನ್ಯವಾಗಿ 4.5ರಿಂದ 5 ಮಿ.ಮೀ. ದಪ್ಪದ, 10 ಮಿ.ಮೀ. ಆಸುಪಾಸು ಉದ್ದದ ಟೈಟಾನಿಯಂ ಸ್ಕ್ರೂ ಬೇಕು. ಪಕ್ಕದ ಬೇರಿನಿಂದ 1.5 ಮಿ.ಮೀ., ಕೆಳಗೆ ಹಾಯುವ ನರದಿಂದ 2 ಮಿ.ಮೀ. ಅಂತರ ಇರಲೇಬೇಕು. ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಜೋಮು ಹಿಡಿಯುತ್ತವೆ, ಕೆಲವರಿಗೆ ಜೀವಮಾನವಿಡೀ.

ಅಡಿಕೆ, ಗುಟ್ಕಾ ಜಗಿಯುವವರು ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಟ್ಟು ನೋಡಿ. ಹೋಗದಿದ್ದರೆ ಕೆನ್ನೆಯ ಒಳಪದರ ಬಿಗಿದಿರಬಹುದು, ಡ್ರಿಲ್ ಹಿಂದಕ್ಕೆ ತಲುಪುವುದು ಕಷ್ಟ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8ಕ್ಕಿಂತ ಮೇಲಿದ್ದರೆ ಮೊದಲು ಸಕ್ಕರೆ ಇಳಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಅಥವಾ ಜೊಲೆಡ್ರೊನಿಕ್ ಆಸಿಡ್ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ, ದವಡೆ ಮೂಳೆ ಕೊಳೆಯುವ ಅಪಾಯವಿದೆ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಹಾಕುವ ದಿನ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಒಸಡು ಬಿಡಿಸಿ, 2 ಮಿ.ಮೀ. ಡ್ರಿಲ್‌ನಿಂದ ಶುರುಮಾಡಿ ತೂತನ್ನು ಹಂತಹಂತವಾಗಿ ಹಿಗ್ಗಿಸುತ್ತಾರೆ. ಉದ್ದಕ್ಕೂ ಸಲೈನ್ ಸುರಿಯುತ್ತಲೇ ಇರಬೇಕು: ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಸಾಯುತ್ತದೆ, ಸತ್ತ ಮೂಳೆ ಸ್ಕ್ರೂವನ್ನು ಹಿಡಿಯದು. ಆಮೇಲೆ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೂಳೆ ಮೆದುವಿರುವ ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳು ಕಾಯಬೇಕು. ಟೈಟಾನಿಯಂಗೆ ಮೂಳೆ ಬೆಸೆದುಕೊಳ್ಳುವುದನ್ನು ಗುರುತಿಸಿ, 1965ರಲ್ಲಿ ಮೊದಲ ರೋಗಿಗೆ ಹಾಕಿದ ಸ್ವೀಡನ್ನಿನ ಬ್ರೊನೆಮಾರ್ಕ್ ಕೂಡ ಹೀಗೆ ತಿಂಗಳುಗಟ್ಟಲೆ ಕಾಯಿಸಿಯೇ ಹಲ್ಲು ಕೂರಿಸುತ್ತಿದ್ದರು. ಅವಸರ ಬೇಡ.

ಕ್ಯಾಪನ್ನು ಸಾಧ್ಯವಾದಷ್ಟು ಒಳಗೊಂದು ಚಿಕ್ಕ ಸ್ಕ್ರೂ ಬಿಗಿದು ಕೂರಿಸುವಂತೆ ಕೇಳಿ. ಸಿಮೆಂಟ್ ಹಾಕಿ ಅಂಟಿಸಿದರೆ ಒಸಡಿನಡಿ ಉಳಿದ ಚೂರೇ ಕೀವಿಗೆ ದಾರಿ. ಕಚ್ಚಿ ನೋಡುವ ಬಣ್ಣದ ಕಾಗದದ ಪರೀಕ್ಷೆಯಲ್ಲಿ ಮೆಲ್ಲಗೆ ಕಚ್ಚಿದಾಗ ಕ್ಯಾಪ್ ಮೇಲೆ ಗುರುತು ಬೀಳಬಾರದು. ಸ್ವಂತ ಹಲ್ಲಿನ ಬೇರಿಗೆ ಮೆತ್ತನೆ ನಾರಿನ ಹಾಸಿರುತ್ತದೆ, ಒತ್ತಿದರೆ ಕೂದಲೆಳೆಯಷ್ಟು ತಗ್ಗುತ್ತದೆ. ಇಂಪ್ಲಾಂಟ್ ತಗ್ಗುವುದಿಲ್ಲ, ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಲೋಹಕ್ಕೆ ಹುಳುಕು ಹಿಡಿಯದು, ಆದರೆ ಸುತ್ತಲ ಒಸಡಿಗೆ ರೋಗ ಬರುತ್ತದೆ, ಅದೂ ನೋವಿಲ್ಲದೆ. ಹಲ್ಲುಸಂದಿಯ ಸಣ್ಣ ಬ್ರಷ್ಷನ್ನು ದಿನಾ ರಾತ್ರಿ ಕ್ಯಾಪಿನ ಎರಡೂ ಬದಿಯಲ್ಲಿ ಆಡಿಸಿ. ರಕ್ತ ಕಂಡರೆ ಆ ವಾರವೇ ತೋರಿಸಿ. ಕ್ಯಾಪ್ ಅಲ್ಲಾಡಿದರೆ ಹೆಚ್ಚಾಗಿ ಒಳಗಿನ ಚಿಕ್ಕ ಸ್ಕ್ರೂ ಸಡಿಲವಾಗಿರುತ್ತದೆ, ಬಿಗಿದರೆ ಸಾಕು. ಇಂಪ್ಲಾಂಟೇ ಅಲ್ಲಾಡಿದರೆ ತೆಗೆಯದೆ ದಾರಿಯಿಲ್ಲ.

ಕಂಪನಿ, ಮಾದರಿ, ಅಳತೆ ಬರೆದ ಕಾರ್ಡನ್ನು ಕೇಳಿ ಇಸಿದುಕೊಳ್ಳಿ. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಚಾವಿ ಕೂರದಿರಬಹುದು. ಊರು ಬದಲಾಯಿಸಿದಾಗ ಹೊಸ ಡಾಕ್ಟರಿಗೆ ಆ ಕಾರ್ಡೇ ಆಧಾರ.